ರೈಟ್ ಮಾರ್ಕು ಕಂಡರೆ ಬೆಚ್ಚುವ ಮಕ್ಕಳು

ನಮಸ್ಕಾರ. ಇವತ್ತು ಒಂದು ರೈಟ್ ಮಾರ್ಕಿನ ಕಥೆಯಿಂದ ಶುರು ಮಾಡ್ತೀನಿ.

ನಾನಿರೋದು ಬೆಂಗಳೂರಲ್ಲಿ, ನಮ್ಮ ತಂಡ ಮಾಡೋದು ಜಪಾನಿನ ಹೈಸ್ಕೂಲು ಮಕ್ಕಳಿಗೆ ಆನ್‌ಲೈನ್ ಇಂಗ್ಲಿಷ್ ಗ್ರಾಮರ್ ಕೋರ್ಸು. ಉತ್ತರ ಸರಿ ಇದ್ರೆ ಪರದೆ ಮೇಲೆ ರೈಟ್ ಮಾರ್ಕು ಬರೋ ಹಾಗೆ ಮಾಡಿದ್ವಿ. ಅದರಲ್ಲಿ ತಲೆ ಕೆಡಿಸಿಕೊಳ್ಳೋದೇನಿದೆ? ಪ್ರಯೋಗಕ್ಕೆ ಅಂತ ಕೂರಿಸಿದ ಹುಡುಗಿಯೊಬ್ಬಳು ಐದಕ್ಕೆ ಐದೂ ಸರಿ ಬರೆದು, ಆಮೇಲೆ ಒಂದೊಂದಾಗಿ ಹಿಂದೆ ಹೋಗಿ ಉತ್ತರ ಬದಲಾಯಿಸ್ತಾ ಕೂತಳು. ಜಪಾನಿನಲ್ಲಿ ಮೇಷ್ಟ್ರು ಸರಿ ಉತ್ತರಕ್ಕೆ ಕೆಂಪು ಪೆನ್ನಲ್ಲಿ ಸೊನ್ನೆ ಸುತ್ತುತ್ತಾರೆ. ಅದಕ್ಕೆ ಮಾರು ಅಂತ ಹೆಸರು. ನಮ್ಮ ರೈಟ್ ಮಾರ್ಕಿನಂಥ ಗೀಟು ಬಿತ್ತು ಅಂದ್ರೆ ಸಾಮಾನ್ಯವಾಗಿ ತಪ್ಪು ಅಂತ ಅರ್ಥ. ತುಂಬಾ ಚೆನ್ನಾಗಿ ಬರೆದ ಮಗುವಿಗೆ ಆ ಸೊನ್ನೆ ಸುತ್ತ ದಳ ಬಿಡಿಸಿ ಹೂವು ಮಾಡಿಕೊಡ್ತಾರೆ. ನಮ್ಮಲ್ಲಿ ಸೊನ್ನೆ ಸುತ್ತಿಸಿಕೊಂಡು ಮನೆಗೆ ಹೋದ್ರೆ ಅಪ್ಪನ ಹತ್ರ ಸಹಿ ಹಾಕಿಸೋದು ಹೇಗಪ್ಪಾ ಅನ್ನೋ ಚಿಂತೆ.

ಅದನ್ನ ಸರಿ ಮಾಡೋಕೆ ಅರ್ಧ ದಿನ ಸಾಕಾಯ್ತು. ನನ್ನ ತಕರಾರು ಇರೋದು ಪಾಠಗಳ ಬಗ್ಗೆ. ಕಲಿಯೋರ ಮನೆಮಾತು ಯಾವುದಾದ್ರೂ ಆಗಲಿ, ಎಲ್ಲರಿಗೂ ಅದೇ ಸಾಲು: ಮೊದಲು ಆರ್ಟಿಕಲ್, ಆಮೇಲೆ ಟೆನ್ಸ್, ಆಮೇಲೆ ಪ್ರಿಪೊಸಿಷನ್. ಬೇರೆಯವರು ಹಾಗೆ ಮಾಡಿದ್ರೆ ಪರವಾಗಿಲ್ಲ. ಕನ್ನಡದವರು ನಾವು ಮಾಡಿದ್ದು ನನಗೆ ನಾಚಿಕೆ ಅನ್ಸುತ್ತೆ.

ಯಾಕೆ ಅಂತ ಕೇಳಿ. 'ನಾನು ನಿನ್ನೆ ಕೊಂಡ ಪುಸ್ತಕ.' ಇದನ್ನೇ ಜಪಾನಿನವರು 'ವಾತಾಶಿ ಗಾ ಕಿನೋ ಕತ್ತಾ ಹೋನ್' ಅಂತಾರೆ. ವಾತಾಶಿ ನಾನು, ಕಿನೋ ನಿನ್ನೆ, ಕತ್ತಾ ಕೊಂಡ, ಹೋನ್ ಪುಸ್ತಕ. 'ಗಾ' ಅನ್ನೋದು ಕರ್ತೃವಿಗೆ ಅಂಟೋ ಪ್ರತ್ಯಯ, ಅಷ್ಟೇ. 'ತಾಬೇತೆ ಮಿರು' ಅಂದ್ರೆ ತಿಂದು ನೋಡು. ಮಿರು ಅಂದ್ರೆ ನಿಜವಾಗಲೂ 'ನೋಡು' ಅಂತಲೇ! ನಾವು 'ಬರೆದಿಡು' ಅನ್ನೋ ಜಾಗದಲ್ಲಿ ಅವರೂ 'ಬರೆದು', 'ಇಡು' ಎರಡನ್ನೂ ಸೇರಿಸಿಯೇ ಹೇಳ್ತಾರೆ. ತಮಿಳಿಗೂ ಜಪಾನಿ ಭಾಷೆಗೂ ನಂಟಿದೆ ಅಂತ ಸುಸುಮು ಓನೋ ಅನ್ನೋ ವಿದ್ವಾಂಸರು ವಾದಿಸಿದ್ರು, ಹೆಚ್ಚಿನ ಭಾಷಾಶಾಸ್ತ್ರಜ್ಞರು ಒಪ್ಪಲಿಲ್ಲ. ನಂಟು ಇಲ್ಲದಿದ್ರೆ ಬೇಡ ಬಿಡಿ, ಎರಡೂ ಮನೆಯ ಬಾಗಿಲು ಒಂದೇ ದಿಕ್ಕಿಗಿದೆ.

ಇಂಗ್ಲಿಷ್ ಬಾಗಿಲು ಆ ಕಡೆ. 'ದಿ ಬುಕ್' ಅಂತ ಮೊದಲೇ ಹೇಳಿ, ಯಾವ ಬುಕ್ಕು ಅನ್ನೋದನ್ನ ಹಿಂದೆ ಬಾಲದ ಹಾಗೆ ಕಟ್ಟುತ್ತೆ: 'ಐ ಬಾಟ್ ಯೆಸ್ಟರ್ಡೇ'. ಜಪಾನಿನ ಹುಡುಗ ಏನು ಮಾಡ್ತಾನೆ? ವಾಕ್ಯದ ಕೊನೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಓದಿಕೊಂಡು ಬರ್ತಾನೆ. ಈ ಅಭ್ಯಾಸಕ್ಕೆ ಶತಮಾನಗಳ ಇತಿಹಾಸ ಇದೆ. ಹಳೇ ಚೀನೀ ಗ್ರಂಥಗಳ ಪದಗಳ ಪಕ್ಕದಲ್ಲಿ ಹಿಂತಿರುಗು ಅನ್ನೋ ಸಣ್ಣ ಗುರುತು ಹಾಕಿಕೊಂಡು, ಅದನ್ನ ಜಪಾನಿ ಪದಸಾಲಿಗೆ ತಿರುಗಿಸಿ ಓದ್ತಿದ್ರು. ಇಂಗ್ಲಿಷ್ ಬಂದಾಗ ಅದನ್ನೂ ಹಾಗೇ ಓದಿದ್ರು. ಯಾಕುದೋಕು ಅಂತಾರೆ, ಅನುವಾದ ಮಾಡ್ತಾ ಓದೋದು. ಪರೀಕ್ಷೆ ಪಾಸಾಗುತ್ತೆ, ಆದ್ರೆ ಯಾರಾದ್ರೂ ಎದುರಿಗೆ ನಿಂತು ಮಾತಾಡಿದ್ರೆ ವಾಕ್ಯದ ಕೊನೆಯಿಂದ ಹಿಂದಕ್ಕೆ ಕೇಳಿಸಿಕೊಳ್ಳೋಕೆ ಆಗುತ್ತಾ?

ಪುಸ್ತಕದಿಂದ ಆಗದ ಕೆಲಸವನ್ನ ಪರದೆ ಮಾಡಬಲ್ಲದು ಇಲ್ಲೇ. ವಾಕ್ಯವನ್ನ ಒಟ್ಟಿಗೆ ತೋರಿಸಬೇಡಿ. 'ದಿ ಬುಕ್' ಬರಲಿ, ನಿಲ್ಲಲಿ. ಯಾವ ಬುಕ್ಕು ಅಂತ ಮಗುವಿನ ಮನಸ್ಸಲ್ಲಿ ಪ್ರಶ್ನೆ ಏಳಲಿ. ಆಮೇಲೆ 'ಐ ಬಾಟ್' ಬರಲಿ, ಹಿಂದಿನ ತುಣುಕು ಮಸುಕಾಗಲಿ. ಹಿಂದೆ ಹೋಗೋಣ ಅಂದ್ರೂ ಕಣ್ಣಿಗೆ ಏನೂ ಸಿಗಬಾರದು.

ಇನ್ನು 'ಎ' ಮತ್ತು 'ದಿ'. ಅವರಿಗೂ ಇಲ್ಲ, ನಮಗೂ ಇಲ್ಲ. ನಿಯಮಗಳ ಪಟ್ಟಿ ಕೊಟ್ರೆ ಮಕ್ಕಳು ಬಾಯಿಪಾಠ ಮಾಡಿ ಮರೀತಾರೆ. ಆದ್ರೆ ಅವರ ಅಜ್ಜಿ ಕಥೆ ಶುರುವಾಗೋದನ್ನ ನೋಡಿ. ಒಬ್ಬ ಅಜ್ಜ ಇದ್ದ ಅಂತ ಮೊದಲ ಸಲ ಹೇಳುವಾಗ ಅಜ್ಜನಿಗೆ 'ಗಾ' ಅಂಟುತ್ತೆ. ಆ ಅಜ್ಜ ಬೆಟ್ಟಕ್ಕೆ ಹೋದ ಅನ್ನುವಾಗ 'ವಾ' ಅಂಟುತ್ತೆ. ಹೊಸಬನಿಗೆ 'ಗಾ', ಪರಿಚಯ ಆದವನಿಗೆ 'ವಾ'. 'ಎ' ಮತ್ತು 'ದಿ' ಪಾಠದ ಮೊದಲ ಮೆಟ್ಟಿಲು ಇದೇ ಅಲ್ವಾ? ಎಲ್ಲಾ ಕಡೆ ಹೊಂದಲ್ಲ, ಗೊತ್ತು. ಮೊದಲ ಮೆಟ್ಟಿಲಿಗೆ ಸಾಕು.

ನಮ್ಮ ಅನುಭವ ಕೈಕೊಡೋ ಜಾಗವೂ ಇದೆ. ಬಂದ, ಬಂದಳು, ಬಂದವು ಅಂತ ನಮ್ಮ ಕ್ರಿಯಾಪದಕ್ಕೆ ಬಂದಿದ್ದು ಯಾರು ಅಂತ ಗೊತ್ತು. ಜಪಾನಿಯಲ್ಲಿ ಯಾರು ಬಂದ್ರೂ ಅದೇ 'ಕಿತಾ'. ಹಾಗಾಗಿ 'ಹಿ ಕಮ್ಸ್' ಅನ್ನೋದರ ಕೊನೆಯ ಆ ಒಂದು 'ಎಸ್' ಮೇಲೆ ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು ದಿನ ಕಳೀಬೇಕು.

'ಗ್ರಾಮರ್ ಯಾಕೆ, ಮಾತಾಡಿಸಿ' ಅನ್ನೋರಿಗೆ ಒಂದು ಮಾತು. ಅಲ್ಲಿನ ಕಾಲೇಜು ಪ್ರವೇಶದ ಕಾಮನ್ ಟೆಸ್ಟ್ 2021ರ ಜನವರಿಯಲ್ಲಿ ಶುರುವಾದಾಗ ಬಿಡಿ ಗ್ರಾಮರ್ ಪ್ರಶ್ನೆಗಳು ಹೋದವು, ಓದೋದಕ್ಕೆ 100, ಕೇಳೋದಕ್ಕೆ 100 ಅಂಕ ಆಯ್ತು. ಅದೇ ವರ್ಷ ಹೊಸ ಪಠ್ಯಕ್ರಮದಲ್ಲಿ 'ಇಫ್ ಐ ವರ್' ಥರದ ವಾಕ್ಯಗಳು ಹೈಸ್ಕೂಲಿನಿಂದ ಮಿಡ್ಲ್‌ಸ್ಕೂಲಿಗೆ ಇಳಿದವು. ಅಂದ್ರೆ ಗ್ರಾಮರ್ ಬೇಗ ಬರುತ್ತೆ, ನೇರವಾಗಿ ಯಾರೂ ಕೇಳಲ್ಲ, ಆದ್ರೆ ಓದಿನ ಒಳಗೆಲ್ಲಾ ಅದೇ ಕೂತಿರುತ್ತೆ. ಮಾತಾಡಿಸೋದಾದ್ರೂ ಗುಂಪಿನ ಎದುರು ಹೆಸರು ಕರೆದು ಬೇಡ. ಒಬ್ಬರೇ ರೆಕಾರ್ಡ್ ಮಾಡಿ ಕಳಿಸಲಿ.

ಕೊನೆಗೆ, ನನಗೆ ನಿಜವಾಗಲೂ ಕೋಪ ಬಂದ ವಿಷಯ. ಜಪಾನಿ ಕೀಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರ ಎರಡು ಅಳತೆಯಲ್ಲಿ ಬರುತ್ತೆ, ಅಗಲದ್ದು ಝೆನ್‌ಕಾಕು, ಕಿರಿದು ಹಾನ್‌ಕಾಕು. ಓದೋರಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಒಬ್ಬ ಹುಡುಗ ಸರಿಯಾದ ಉತ್ತರವನ್ನೇ ಅಗಲ ಅಕ್ಷರದಲ್ಲಿ ನಾಲ್ಕು ಸಲ ಟೈಪ್ ಮಾಡಿದ್ದಾನೆ. ನಾಲ್ಕೂ ಸಲ ನಮ್ಮ ಪ್ರೋಗ್ರಾಂ ತಪ್ಪು ಅಂದಿದೆ. ಐದನೇ ಸಲ ಅವನು ಬೇಕಂತಲೇ 'ಎಸ್' ತೆಗೆದು, 'ಹಿ ಗೋ' ಅಂತ ಬರೆದಿದ್ದಾನೆ.

ಅಕ್ಷರದ ಸಮಸ್ಯೆ ಮಾರನೇ ದಿನವೇ ಸರಿ ಮಾಡಿದ್ವಿ. ಪಾಠಗಳ ಸಾಲು ಬದಲಾಯಿಸೋಕೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಮೊನ್ನೆ ತುಣುಕು ತುಣುಕಾಗಿ ಬರೋ ಆ ಪಾಠದ ನಮೂನೆಯನ್ನ ಆಫೀಸಲ್ಲಿ ತೋರಿಸಿದಾಗ, ಹಾಸನದ ಕಡೆ ಕನ್ನಡ ಮೀಡಿಯಮ್ಮಲ್ಲಿ ಓದಿದ ನಮ್ಮ ಹುಡುಗನೊಬ್ಬ ಎರಡು ಸಲ ನೋಡಿ, 'ಸಾರ್, ಇದು ನಂಗೂ ಕಳಿಸಿ' ಅಂದ.