ಹ್ಯಾಂಡಲ್ ಮೇಲಿನ ನಕ್ಷೆ

ಕೇಳುಗರಿಗೆಲ್ಲ ನಮಸ್ಕಾರ.

ಬೈಕಿಗೊಂದು ಜಿಪಿಎಸ್ ಸಾಧನ ಕೊಳ್ಳಬೇಕೆಂದು ಹೊರಟವರು ಮೊಟ್ಟಮೊದಲು ಕೇಳುವುದು, 'ಯಾವುದು ಹೆಚ್ಚು ನಿಖರ?' ಎಂದು. ಈ ಪ್ರಶ್ನೆಯಿಂದ ದೊಡ್ಡ ಉಪಯೋಗವೇನಿಲ್ಲ. ಜೇಬಿನಲ್ಲಿರುವ ಮೊಬೈಲೂ ಬೈಕಿಗೆಂದೇ ತಯಾರಾದ ದುಬಾರಿ ಸಾಧನವೂ ಕಿವಿಗೊಡುವುದು ಅವೇ ಉಪಗ್ರಹಗಳಿಗೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಆ ಉಪಗ್ರಹಗಳಲ್ಲಿ ನಾಲ್ಕರ ಸಂಕೇತ ಸಿಕ್ಕರೆ ಸಾಕು, ನಾವಿರುವ ಜಾಗ ಲೆಕ್ಕಕ್ಕೆ ಸಿಗುತ್ತದೆ. 2000ನೇ ಇಸವಿಯ ಮೇ ತಿಂಗಳವರೆಗೂ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ಆ ಕಾಲ ಹೋಯಿತು. ಈಗ ಬಯಲಿನಲ್ಲಿ ನಿಂತರೆ ಮಾಮೂಲಿ ಮೊಬೈಲ್ ಕೂಡ ಐದು ಮೀಟರ್ ಆಚೀಚೆ ನಮ್ಮನ್ನು ಗುರುತಿಸುತ್ತದೆ. ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೌ ಉಪಗ್ರಹಗಳನ್ನೂ ಇವತ್ತಿನ ಚಿಪ್‌ಗಳು ಬಳಸಿಕೊಳ್ಳುತ್ತವೆ. ಎತ್ತರದ ಕಟ್ಟಡಗಳ ನಡುವೆ, ಕಡಿದಾದ ಕಣಿವೆಗಳಲ್ಲಿ ಓಡಾಡುವವರಿಗೆ ಎರಡು ಆವರ್ತನಗಳಲ್ಲಿ ಸಂಕೇತ ಹಿಡಿಯುವ ಚಿಪ್ ಇದ್ದರೆ ಕೊಂಚ ಅನುಕೂಲ. ಉಪಗ್ರಹದ ಮಾತು ಇಷ್ಟು ಸಾಕು.

ಹಾಗಾದರೆ ದುಡ್ಡು ಸುರಿಯುವುದು ಯಾತಕ್ಕೆ? ಬಿಸಿಲು, ಮಳೆ, ನಡುಕ ಮತ್ತು ಗ್ಲೌಸು, ಈ ನಾಲ್ಕನ್ನು ತಡೆದುಕೊಳ್ಳುವುದಕ್ಕೆ. ಜೊತೆಗೆ, ನೀವು ಆರಿಸಿದ ದಾರಿಯನ್ನು ಸಾಧನ ನಡುವೆ ತಿದ್ದದೆ ಪಾಲಿಸುವುದಕ್ಕೆ.

ಕಾರಿಗೆ ಮಾಡು ಇದೆ, ಬೈಕಿಗಿಲ್ಲ. ನೆತ್ತಿಯ ಬಿಸಿಲು ನೇರವಾಗಿ ಪರದೆಯ ಮೇಲೆ ಬೀಳುತ್ತದೆ. ಆಗ ಪರದೆಯ ಬೆಳಕು ಹೆಚ್ಚಬೇಕು. ಮೊಬೈಲ್ ಮಾಡುವುದು ಇದರ ಉಲ್ಟಾ. ಬಿಸಿಯೇರಿದಂತೆ ತನ್ನನ್ನು ಉಳಿಸಿಕೊಳ್ಳಲು ಬೆಳಕು ತಗ್ಗಿಸುತ್ತದೆ, ಚಾರ್ಜ್ ನಿಲ್ಲಿಸುತ್ತದೆ, ಕೊನೆಗೆ 'ತಣ್ಣಗಾಗಲು ಬಿಡಿ' ಎಂದು ಮಲಗಿಬಿಡುತ್ತದೆ. ಐಫೋನ್‌ಗಳನ್ನು ಬಳಸಬೇಕಾದ ವಾತಾವರಣದ ಉಷ್ಣಾಂಶ 35 ಡಿಗ್ರಿಯವರೆಗೆ ಎಂದು ತಯಾರಕರೇ ಬರೆದಿದ್ದಾರೆ. ಇಂಜಿನ್ನಿನ ಶಾಖ, ಬಿಸಿಲು, ಚಾರ್ಜಿಂಗ್ ಮೂರೂ ಸೇರಿದರೆ ಆ ಗೆರೆ ದಾಟುವುದು ಕಷ್ಟವೇನಲ್ಲ. ಬೈಕಿನ ಸಾಧನಗಳನ್ನು ಈ ಶಾಖಕ್ಕೆಂದೇ ಮಾಡಿರುತ್ತಾರೆ. ಇನ್ನೊಂದು ಸಣ್ಣ ವಿಷಯ: ಪೋಲರಾಯ್ಡ್ ಕನ್ನಡಕ ಹಾಕುವವರು ಅದನ್ನು ಅಂಗಡಿಗೆ ತೆಗೆದುಕೊಂಡು ಹೋಗಿ, ಸಾಧನವನ್ನು ಅಡ್ಡ, ಉದ್ದ ತಿರುಗಿಸಿ ನೋಡಬೇಕು. ಕೆಲವು ಪರದೆಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುತ್ತವೆ.

ಮಳೆಯ ವಿಚಾರಕ್ಕೆ ಬಂದರೆ, ಪೆಟ್ಟಿಗೆಯ ಮೇಲೆ ಐಪಿಎಕ್ಸ್7 ಎಂದು ಬರೆದಿರುತ್ತದೆ. ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಕೆಡುವುದಿಲ್ಲ ಎಂದು ಅದರ ಅರ್ಥ. ಆದರೆ ಅದು ನಿಂತ ನೀರಿನ ಪರೀಕ್ಷೆ. ರಭಸದಿಂದ ಚಿಮ್ಮುವ ನೀರಿನ ಪರೀಕ್ಷೆಯೇ ಬೇರೆ, ಅದಕ್ಕೆ ಐಪಿಎಕ್ಸ್6 ಎನ್ನುತ್ತಾರೆ. ಏಳು ಪಾಸಾದದ್ದು ಆರನ್ನೂ ಪಾಸಾಗಿರಲೇಬೇಕೆಂಬ ನಿಯಮವಿಲ್ಲ. ವೇಗದಲ್ಲಿ ಹೋಗುವಾಗ ಎದುರಿಗೆ ಅಪ್ಪಳಿಸುವ ಮಳೆಗೆ, ಬೈಕ್ ತೊಳೆಯುವ ಪೈಪಿನ ನೀರಿಗೆ ಎರಡೂ ಬೇಕು. ಮೊಬೈಲಿನದು ಮಳೆಯಲ್ಲಿ ಇನ್ನೊಂದು ತಾಪತ್ರಯ. ಹನಿ ಬಿದ್ದಲ್ಲೆಲ್ಲ ಬೆರಳು ತಾಗಿತೆಂದು ತಿಳಿದು ನಕ್ಷೆಯನ್ನು ಎಲ್ಲೆಲ್ಲಿಗೋ ಎಳೆದಾಡುತ್ತದೆ, ಚಾರ್ಜಿಂಗ್ ಪೋರ್ಟ್ ಒದ್ದೆಯಾದರೆ ಕರೆಂಟು ತೆಗೆದುಕೊಳ್ಳುವುದಿಲ್ಲ.

ನಡುಕ ಕಣ್ಣಿಗೆ ಕಾಣದ ಶತ್ರು. ಕೈ ಅಲುಗಿದರೂ ಚಿತ್ರ ಅಲುಗದಂತೆ ಮೊಬೈಲ್ ಕ್ಯಾಮೆರಾದೊಳಗೆ ಲೆನ್ಸನ್ನು ತೇಲಿಸಿಟ್ಟ ವ್ಯವಸ್ಥೆಯೊಂದಿರುತ್ತದೆ. ದೊಡ್ಡ ಇಂಜಿನ್ನಿನ ಬೈಕುಗಳ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿದರೆ ಆ ವ್ಯವಸ್ಥೆ ಹಾಳಾಗಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತು. ಫೋನ್ ಕಟ್ಟಲೇಬೇಕೆಂದಿದ್ದರೆ ರಬ್ಬರಿನ ನಡುಕ ತಡೆ ಇರುವ ಹೋಲ್ಡರ್ ತೆಗೆದುಕೊಳ್ಳಿ. ನನ್ನನ್ನು ಕೇಳಿದರೆ, ಹಳೆಯ ಫೋನೊಂದನ್ನು ಹ್ಯಾಂಡಲ್‌ಗೆ ಬಿಟ್ಟುಕೊಟ್ಟು, ಒಳ್ಳೆಯ ಕ್ಯಾಮೆರಾದ ಫೋನನ್ನು ಜೇಬಿನಲ್ಲಿಡುವುದೇ ಜಾಣತನ.

ಇನ್ನು ಗ್ಲೌಸು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡು ಪರದೆ ನೋಡಿದರೆ 33 ಮೀಟರ್ ದಾರಿಯನ್ನು ನೋಡದೆ ದಾಟಿರುತ್ತೀರಿ. ಆದ್ದರಿಂದ ಪರದೆಯ ಅಂಗುಲ ಲೆಕ್ಕಕ್ಕಿಂತ, ದಪ್ಪ ಗ್ಲೌಸಿನ ಬೆರಳಿಗೆ ಒಂದೇ ಸಲಕ್ಕೆ ಸಿಗುವ ಗುಂಡಿಗಳಿವೆಯೇ ಎಂದು ನೋಡಿ. ಗಡಿಯಾರದಷ್ಟೇ ಗಾತ್ರದ, ಬಾಣದ ಗುರುತನ್ನೂ ತಿರುವಿಗೆ ಉಳಿದ ದೂರವನ್ನೂ ಬಿಟ್ಟರೆ ಬೇರೇನೂ ತೋರಿಸದ ಪುಟ್ಟ ಸಾಧನಗಳಿವೆ. ಅವು ಫೋನಿನ ಲೆಕ್ಕಾಚಾರವನ್ನೇ ನೆಚ್ಚಿಕೊಂಡಿರುತ್ತವೆ, ಫೋನು ಮಾತ್ರ ಜೇಬಿನಲ್ಲಿ ಸುಖವಾಗಿರುತ್ತದೆ. ದಿನನಿತ್ಯದ ಓಡಾಟಕ್ಕೆ ನನಗೆ ಇಷ್ಟವಾಗುವುದು ಇಂಥವೇ. ಹೆಲ್ಮೆಟ್ಟಿನ ಬ್ಲೂಟೂತ್‌ನಲ್ಲಿ ದನಿ ಕೇಳಿಸಿಕೊಂಡು ಹೋದರೆ ಪರದೆಯೇ ಬೇಡವೆನಿಸಬಹುದು, ನಿಮ್ಮಲ್ಲಿನ ಕಾನೂನು ಅದಕ್ಕೆ ಒಪ್ಪಿದರೆ.

ಮೇಲಿನದೆಲ್ಲ ಅಂಗಡಿಯಲ್ಲೇ ಮುಟ್ಟಿ ನೋಡಬಹುದಾದ ಗುಣಗಳು. ಅಲ್ಲಿ ಕಾಣದೆ, ರಸ್ತೆಗಿಳಿದ ಮೇಲೆ ಕಾಡುವ ಸಂಗತಿಯೊಂದಿದೆ: ದಾರಿಯ ಫೈಲ್. ಬೈಕ್ ಸವಾರರು ಬಹಳ ಮಂದಿ ಬೇಗ ತಲುಪುವ ಹೆದ್ದಾರಿ ಬಿಟ್ಟು, ತಿರುವು ಮುರುವಿನ ರಸ್ತೆಗಳನ್ನು ಮನೆಯಲ್ಲೇ ಕೂತು ಆರಿಸಿ, ಜಿಪಿಎಕ್ಸ್ ಎಂಬ ಫೈಲ್ ಮಾಡಿಕೊಳ್ಳುತ್ತಾರೆ. 2002ರಿಂದ ಬಳಕೆಯಲ್ಲಿರುವ ಈ ಮಾದರಿಯೊಳಗೆ ಎರಡು ಬಗೆಯ ದಾರಿಗಳನ್ನು ಬರೆದಿಡಬಹುದು. ಒಂದು 'ಟ್ರ್ಯಾಕ್'. ಇದು ನಕ್ಷೆಯ ಮೇಲೆ ಹಾಸಿದ ದಾರದ ಹಾಗೆ, ಇದ್ದಲ್ಲೇ ಇರುತ್ತದೆ. ಇನ್ನೊಂದು 'ರೂಟ್'. ಇದರಲ್ಲಿರುವುದು ಮುಖ್ಯವಾಗಿ ಬಿಂದುಗಳು. ಬಿಂದುವಿನಿಂದ ಬಿಂದುವಿಗೆ ಯಾವ ರಸ್ತೆ ಹಿಡಿಯಬೇಕೆಂದು ಸಾಧನವೇ ತನ್ನ ನಕ್ಷೆ ನೋಡಿ ತೀರ್ಮಾನಿಸುತ್ತದೆ. ಹೀಗಾಗಿ ಒಂದೇ ಫೈಲ್ ಹಂಚಿಕೊಂಡು ಹೊರಟ ಇಬ್ಬರು ಸವಾರರ ಸಾಧನಗಳು ಬೇರೆ ಬೇರೆ ರಸ್ತೆ ತೋರಿಸುವುದುಂಟು. ಜಗಳಕ್ಕೆ ಮುಂಚೆ ಅದು ಟ್ರ್ಯಾಕೋ ರೂಟೋ ಎಂದು ನೋಡಿಕೊಂಡರೆ ಸ್ನೇಹ ಉಳಿಯುತ್ತದೆ.

ಬಿಂದುಗಳಲ್ಲೂ ಎರಡು ಜಾತಿ. ನಿಲ್ಲಲೇಬೇಕಾದ ಜಾಗಗಳು ಒಂದು, ದಾರಿಯನ್ನು ಬಾಗಿಸಲಷ್ಟೇ ಇಟ್ಟವು ಇನ್ನೊಂದು. ಪೆಟ್ರೋಲ್ ಬಂಕನ್ನು ಮೊದಲ ಜಾತಿಗೆ ಸೇರಿಸಿ, ಆಮೇಲೆ ಪೆಟ್ರೋಲ್ ಬೇಕಾಗದೆ ಮುಂದೆ ಹೋದಿರೆನ್ನಿ. ಹಲವು ಸಾಧನಗಳು ಕಿಲೋಮೀಟರುಗಟ್ಟಲೆ 'ಹಿಂದೆ ತಿರುಗಿ, ಹಿಂದೆ ತಿರುಗಿ' ಎಂದು ಗೋಗರೆಯುತ್ತಲೇ ಇರುತ್ತವೆ. ಬಾಗಿಸುವ ಬಿಂದುವನ್ನು ಕೂಡುರಸ್ತೆಯ ಮೇಲೆ ಇಟ್ಟರೂ ತೊಂದರೆಯೇ. ಕೂದಲೆಳೆಯಷ್ಟು ಪಕ್ಕದ ರಸ್ತೆಗೆ ಬಿದ್ದಿದ್ದರೆ ಸಾಧನ ನಿಮ್ಮನ್ನು ಅದರೊಳಗೆ ಕರೆದೊಯ್ದು ಯು ಟರ್ನ್ ಹೊಡೆಸುತ್ತದೆ. ನಕ್ಷೆಯನ್ನು ಹಿಗ್ಗಿಸಿ, ಎರಡು ಕೂಡುರಸ್ತೆಗಳ ನಡುವೆ, ರಸ್ತೆಯ ಮೇಲೇ ಇಡಬೇಕು. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇಲ್ಲಿವೆ. ಮುಂದಿನ ಬಿಂದುವನ್ನು ಒಂದೇ ಒತ್ತಿಗೆ ಬಿಟ್ಟುಬಿಡಬಹುದೇ? ದಾರಿ ತಪ್ಪಿದಾಗ ತಾನಾಗಿ ಹೊಸ ಲೆಕ್ಕ ಹಾಕುವುದನ್ನು ನಿಲ್ಲಿಸಬಹುದೇ? ಟ್ರ್ಯಾಕನ್ನು ಇದ್ದಂತೆಯೇ ಹಿಂಬಾಲಿಸಬಹುದೇ? ಇವುಗಳ ಗೊಡವೆಯೇ ನಿಮಗೆ ಬೇಡವೆಂದಾದರೆ, ವಿಳಾಸ ಒತ್ತಿ ಹೋಗಿ ತಲುಪಿದರೆ ಸಾಕೆಂದಾದರೆ, ಬೈಕಿನ ಪ್ರತ್ಯೇಕ ಸಾಧನಕ್ಕೆ ಹಣ ಹಾಕಬೇಡಿ. ಮೊಬೈಲ್ ಸಾಕು.

ಮೊಬೈಲ್ ಬಗ್ಗೆ ಒಂದು ತಪ್ಪು ತಿಳಿವಳಿಕೆಯಿದೆ. ನೆಟ್‌ವರ್ಕ್ ಹೋದರೆ ಜಿಪಿಎಸ್ ಕೂಡ ಹೋಗುತ್ತದೆ ಎನ್ನುತ್ತಾರೆ. ಹೋಗುವುದಿಲ್ಲ, ಹೋಗುವುದು ನಕ್ಷೆ. ಮೊದಲೇ ನಕ್ಷೆ ಇಳಿಸಿಕೊಂಡಿದ್ದರೆ ಕಾಡಿನ ನಡುವೆಯೂ ದಾರಿ ಕಾಣುತ್ತದೆ. ನೆಟ್‌ವರ್ಕಿನ ನೆರವು ಮುಖ್ಯವಾಗಿ ಬೇಕಾಗುವುದು ಬೇಗ ಶುರುವಾಗುವುದಕ್ಕೆ. ಜಿಪಿಎಸ್ ಉಪಗ್ರಹ ತನ್ನ ಮಾಹಿತಿ ಕಳಿಸುವುದು ಸೆಕೆಂಡಿಗೆ ಬರೀ 50 ಬಿಟ್‌ನಂತೆ, ಸಂದೇಶ ಒಂದು ಸುತ್ತು ಪೂರ್ತಿಯಾಗಲು ಹನ್ನೆರಡೂವರೆ ನಿಮಿಷ ಬೇಕು. ಪ್ರತ್ಯೇಕ ಸಾಧನವನ್ನು ಮೊದಲ ಸಲ ಚಾಲೂ ಮಾಡಿದಾಗ ತಡವಾದರೆ ಬಯ್ಯದೆ ತೆರೆದ ಆಕಾಶದ ಕೆಳಗೆ ಇಟ್ಟು ಕಾಯಿರಿ.

ಕರೆಂಟಿನ ವಿಷಯ ಚುಟುಕಾಗಿ ಹೇಳುತ್ತೇನೆ. ವೈರಿಂಗ್ ಮಾಡುವವರಿಗೆ ಕೀ ತೆಗೆದೊಡನೆ ಕರೆಂಟು ಕಡಿಯುವಂತೆ ಜೋಡಿಸಲು, ನಡುವೆ ಫ್ಯೂಸ್ ಹಾಕಲು ಹೇಳಿ. ನೇರ ಬ್ಯಾಟರಿಗೆ ಕೊಟ್ಟರೆ ಬೈಕ್ ನಿಂತಲ್ಲೇ ಬ್ಯಾಟರಿ ಬರಿದಾಗಬಹುದು. ಫೋನಿಗಾದರೆ ಕನಿಷ್ಠ ಎರಡು ಆಂಪಿಯರ್ ಕೊಡುವ ಸಾಕೆಟ್ ಇರಲಿ. ಕಡಿಮೆಯಾದರೆ ಚಾರ್ಜ್ ಆಗುತ್ತಿರುವಂತೆ ತೋರಿಸುತ್ತಲೇ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆನ್ ಮಾಡಿ ಮೊದಲು ದಿನಾಂಕ ನೋಡಿ. ಜಿಪಿಎಸ್ ತನ್ನ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಮರಳುತ್ತದೆ. ಹೀಗೆ 2019ರ ಏಪ್ರಿಲ್‌ನಲ್ಲಿ ಮರಳಿದಾಗ ತಂತ್ರಾಂಶ ಪರಿಷ್ಕರಿಸದ ಕೆಲವು ಹಳೆಯ ಸಾಧನಗಳ ತಾರೀಖು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಜಿಗಿಯಿತು. ಮುಂದಿನ ಸರದಿ 2038ರ ನವೆಂಬರ್‌ನಲ್ಲಿ. 'ಜೀವಮಾನದ ನಕ್ಷೆ' ಎಂದು ಬರೆದಿದ್ದರೆ, ಅದು ನಿಮ್ಮ ಜೀವಮಾನವಲ್ಲ, ತಯಾರಕರು ಆ ಮಾದರಿಗೆ ನಕ್ಷೆ ಕೊಡುವಷ್ಟು ಕಾಲ. ಈಗಲೂ ಕೊಡುತ್ತಿದ್ದಾರೆಯೇ ಎಂದು ಅವರ ತಾಣದಲ್ಲಿ ಮಾದರಿಯ ಹೆಸರು ಹಾಕಿ ನೋಡಿ. ಬೈಕಿಗೆ ಜೋಡಿಸುವ ಹೋಲ್ಡರ್, ಅದರ ವೈರು, ಬೀಗದ ಸ್ಕ್ರೂ ಎಲ್ಲವೂ ಜೊತೆಯಲ್ಲಿದ್ದರೆ ಮಾತ್ರ ಬೆಲೆ ಮಾತಾಡಿ. ನಮಸ್ಕಾರ.