ಪರ್ಣಶಾಲೆಗಳ ಹಬ್ಬ: ಚರ್ಚಿನ ಕ್ಯಾಲೆಂಡರಿಗೆ ಬಾರದ ಮೂರನೆಯ ಹಬ್ಬ

[ತೆರೆಯ ಮೇಲೆ: ಸೊಪ್ಪು ಹೊದಿಸಿದ ಚಪ್ಪರ, ಸಂಜೆ]

ನಮಸ್ಕಾರ. ಹಿಂದೆ ಯೆಹೂದ್ಯರು ವರ್ಷಕ್ಕೆ ಮೂರು ಸಲ ಯೆರೂಸಲೇಮಿಗೆ ಯಾತ್ರೆ ಹೋಗಬೇಕಿತ್ತು: ಐಗುಪ್ತದ ಬಿಡುಗಡೆಯನ್ನು ನೆನೆವ ಪಸ್ಕಕ್ಕೆ, ಅದಾಗಿ ಏಳು ವಾರಕ್ಕೆ ಬರುವ ವಾರಗಳ ಹಬ್ಬಕ್ಕೆ, ಪರ್ಣಶಾಲೆಗಳ ಹಬ್ಬಕ್ಕೆ. ಯೇಸು ಶಿಲುಬೆಗೇರಿದ್ದು ಪಸ್ಕದ ಹೊತ್ತಿಗೆ, ಅದರ ಬೆನ್ನಿಗೇ ಈಸ್ಟರ್ ಬಂತು. ವಾರಗಳ ಹಬ್ಬ ಪವಿತ್ರಾತ್ಮ ಇಳಿದುಬಂದ ಪಂಚಾಶತ್ತಮ ದಿನವಾಯಿತು. ಮೂರನೆಯದರ ಜಾಗದಲ್ಲಿ ಮಾತ್ರ ಕ್ರೈಸ್ತರಿಗೆ ಅಂಥ ದೊಡ್ಡ ಹಬ್ಬ ಬೆಳೆಯಲೇ ಇಲ್ಲ. ನನಗೆ ಅತಿ ಪ್ರಿಯವಾದದ್ದು ಅದೇ.

ಬೈಬಲ್ಲಿನ ಯಾಜಕಕಾಂಡ 23ರ ಪ್ರಕಾರ ಏಳು ದಿನ ಗುಡಿಸಲಿನಲ್ಲಿ ವಾಸ. ಐಗುಪ್ತದಿಂದ ಹೊರಟ ಮೇಲೆ ಅರಣ್ಯದಲ್ಲಿ ಹಾಗೆಯೇ ಬದುಕಿದ್ದರ ನೆನಪು. ಸುಗ್ಗಿ ಮುಗಿದಿರುತ್ತದೆ, ಬೇಸಿಗೆಯಿಡೀ ಮಳೆ ಕಾಣದ ನೆಲ ಬಾಯಾರಿರುತ್ತದೆ.

[ತೆರೆಯ ಮೇಲೆ: ಸಿಲೋವ ಕೊಳದ ಮೆಟ್ಟಿಲುಗಳು]

ಆಗ ಯಾಜಕರು ಈ ಕೊಳದಿಂದ ಬಂಗಾರದ ಪಾತ್ರೆಯಲ್ಲಿ ನೀರು ತಂದು, ತುತ್ತೂರಿ ಮೊಳಗುತ್ತಿರುವಾಗ ಬಲಿಪೀಠಕ್ಕೆ ಎರೆಯುತ್ತಿದ್ದರು. ರಾತ್ರಿ ದೇವಾಲಯದ ಅಂಗಳದಲ್ಲಿ ಎತ್ತರದ ದೀಪಸ್ತಂಭಗಳು, ಕುಣಿತ, ಹಾಡು. ಯೆರೂಸಲೇಮಿನ ಅಂಗಳಗಳೆಲ್ಲ ಆ ಬೆಳಕಿನಲ್ಲಿ ಬೆಳಗುತ್ತಿದ್ದವು ಎನ್ನುತ್ತದೆ ಯೆಹೂದ್ಯರ ಹಳೆಯ ಧರ್ಮನಿಯಮ ಸಂಗ್ರಹವಾದ ಮಿಷ್ನಾ.

ಈಗ ಯೋಹಾನನ ಸುವಾರ್ತೆಯ 7ನೇ ಅಧ್ಯಾಯ ಓದಿ. ಹಬ್ಬದ ಕಡೇ ದಿನ ಯೇಸು ನಿಂತು ಕೂಗಿದ್ದು: "ಯಾವನಿಗಾದರೂ ನೀರಡಿಕೆಯಾಗಿದ್ದರೆ ಅವನು ನನ್ನ ಬಳಿಗೆ ಬಂದು ಕುಡಿಯಲಿ." ಮುಂದಿನ ಅಧ್ಯಾಯದಲ್ಲಿ, "ನಾನೇ ಲೋಕಕ್ಕೆ ಬೆಳಕು." ನೀರು, ದೀಪ ಎರಡನ್ನೂ ಕಣ್ಣಾರೆ ಕಂಡ ಜನಕ್ಕೆ ಈ ಮಾತು ಹೇಗೆ ತಟ್ಟಿರಬೇಕು! ಹಬ್ಬ ಗೊತ್ತಿಲ್ಲದೆ ಓದಿದರೆ ಅರ್ಧ ಅರ್ಥ ಕೈಜಾರುತ್ತದೆ. ಅದೇ ಯೋಹಾನನ ಮೊದಲ ಅಧ್ಯಾಯದಲ್ಲಿ ವಾಕ್ಯವು, ಅಂದರೆ ಯೇಸು, ನಮ್ಮ ನಡುವೆ ವಾಸಮಾಡಿತು ಎಂದಿದೆಯಲ್ಲ, ಅಲ್ಲಿನ ಗ್ರೀಕ್ ಕ್ರಿಯಾಪದಕ್ಕೆ ಗುಡಾರ ಹಾಕು ಎಂಬ ಅರ್ಥವೇ ಇದೆ.

ಮುಂದಿನ ತಲೆಮಾರುಗಳು ಈ ಗುಡಿಸಲನ್ನು ಇನ್ನೂ ದೂರ ಕೊಂಡೊಯ್ದವು. ಸುಮಾರು 300ರಲ್ಲಿ ಬರೆದ ಕ್ರೈಸ್ತ ಲೇಖಕ ಒಲಿಂಪಸ್‌ನ ಮೆಥೋಡಿಯಸ್‌ಗೆ ಪರ್ಣಶಾಲೆ ಎಂದರೆ ಪುನರುತ್ಥಾನದಲ್ಲಿ ಮತ್ತೆ ಕಟ್ಟಲ್ಪಡುವ ನಮ್ಮ ದೇಹ. ಎಲ್ಲ ಜನಾಂಗಗಳೂ ಈ ಹಬ್ಬಕ್ಕೆ ಯೆರೂಸಲೇಮಿಗೆ ಬರುತ್ತವೆ ಎಂಬ ಪ್ರವಾದಿ ಜೆಕರ್ಯನ ಗ್ರಂಥದ 14ನೇ ಅಧ್ಯಾಯದ ಮಾತನ್ನು ನಂಬಿ ಇಂದೂ ಅನೇಕ ಕ್ರೈಸ್ತರು ಅಲ್ಲಿಗೆ ಹೋಗುತ್ತಾರೆ.

ನೋವಿನ ಅಧ್ಯಾಯವೂ ಇದೆ. 386ರಲ್ಲಿ ಅಂತಿಯೋಕ್ಯ ನಗರದ ಕ್ರೈಸ್ತರು ಯೆಹೂದ್ಯರ ಹಬ್ಬಗಳಿಗೆ ಸಂತೋಷದಿಂದ ಹೋಗುತ್ತಿದ್ದರು. ಅದನ್ನು ತಡೆಯಲು ಅಲ್ಲಿನ ಪಾದ್ರಿ ಜಾನ್ ಕ್ರಿಸೋಸ್ಟಮ್ ಮಾಡಿದ ಪ್ರಸಂಗಗಳಲ್ಲಿ ಯೆಹೂದ್ಯರ ಮೇಲೆ ಸುರಿದ ಬೈಗುಳ ಮುಂದಿನ ಶತಮಾನಗಳ ದ್ವೇಷಕ್ಕೂ ಒದಗಿತು. ಈ ಹಬ್ಬ ಮುಂದೆ ಬರಲಿದ್ದುದರ "ಛಾಯೆ" ಎಂದು ಪೌಲನ ಪತ್ರಿಕೆಯ ಮಾತನ್ನು ಹಿಡಿದು ಓದುವವರು ಇದನ್ನು ಮರೆಯಬಾರದು. ಒಬ್ಬರ ಹಬ್ಬದಲ್ಲಿ ನಮ್ಮ ಅರ್ಥ ಕಾಣಬಹುದು, ಹಬ್ಬವನ್ನೇ ಅವರಿಂದ ಕಿತ್ತುಕೊಳ್ಳಲಾಗದು.

[ತೆರೆಯ ಮೇಲೆ: ಚಪ್ಪರದ ಸಂದಿನಲ್ಲಿ ನಕ್ಷತ್ರಗಳು]

70ರಲ್ಲಿ ದೇವಾಲಯ ನಾಶವಾಯಿತು, ನೀರೆರೆಯುವುದು ನಿಂತಿತು. ಆದರೂ ಯೆಹೂದ್ಯ ಕುಟುಂಬಗಳು ಪ್ರತಿ ವರ್ಷ ಗುಡಿಸಲು ಕಟ್ಟುತ್ತವೆ. ಏಳು ದಿನ ಕಳೆದು ಎಂಟನೆಯ ದಿನ ತಮ್ಮ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ಮಳೆಗಾಗಿ ಪ್ರಾರ್ಥಿಸುತ್ತಾರೆ.