ಗ್ಲೌಸಿನಲ್ಲಿ ನೀರು ತುಂಬಿ ಹಾಲು ಕರೆಯುವುದು: ಮಲೆನಾಡ ಕೊಟ್ಟಿಗೆಯಲ್ಲಿ ಒಂದು ತರಬೇತಿ

[ದೃಶ್ಯ: ಕೊಟ್ಟಿಗೆಯ ಅಡ್ಡಗಳುವಿಗೆ ನೇತುಹಾಕಿದ ರಬ್ಬರ್ ಗ್ಲೌಸ್. ಒಳಗೆ ನೀರು. ಬೆರಳ ತುದಿಗಳಲ್ಲಿ ಸೂಜಿಯಿಂದ ಚುಚ್ಚಿದ ತೂತು.]

ನಮಸ್ಕಾರ. ಇದನ್ನು ಹಸುವಿನ ಕೆಚ್ಚಲು ಅಂದುಕೊಳ್ಳಿ. ನಗಬೇಡಿ, ನಾನೂ ಮೊದಲು ನಕ್ಕಿದ್ದೆ.

ಈಗ ನೋಡಿ. ಮೊಲೆಯ ಬುಡವನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಮುಚ್ಚುತ್ತೇನೆ. ಉಳಿದ ಬೆರಳುಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಮಡಚುತ್ತೇನೆ. ಚಿರ್ರ್ ಅಂತ ಬಂತು ಅಲ್ವಾ? ಇನ್ನೊಂದು ಸಲ. ಈಗ ಹೆಬ್ಬೆರಳನ್ನು ಒಳಗೆ ಮಡಚಿ, ಅದರ ಗೆಣ್ಣಿಗೆ ಒತ್ತಿ ಎಳೆಯುತ್ತೇನೆ. ನೀರು ಬರುತ್ತದೆ. ಆದರೆ ರಬ್ಬರ್ ಒಂದೇ ಕಡೆ ಹೇಗೆ ಜಜ್ಜಿಹೋಗುತ್ತಿದೆ ನೋಡಿ. ಹಸುವಿನ ಮೊಲೆಯ ಒಳಗಿನ ಚರ್ಮ ಇದಕ್ಕಿಂತ ಮೆತ್ತಗೆ. ದಿನಕ್ಕೆ ಎರಡು ಸಲ, ವರ್ಷಗಟ್ಟಲೆ ಹೀಗೆ ಜಜ್ಜಿದರೆ ಒಳಗೆ ಗಾಯವಾಗುತ್ತದೆ. ಕೆಚ್ಚಲು ಬಾವು ರೋಗಕ್ಕೆ ಅದೇ ದಾರಿ.

ನಮ್ಮ ಅಮ್ಮ ಕರೆಯುತ್ತಿದ್ದದ್ದು ಎರಡನೇ ರೀತಿಯಲ್ಲೇ. ಹೆಬ್ಬೆರಳು ಮಡಚಬಾರದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ ಅಂತಲ್ಲ. ಹೇಳಿದ್ದರು. ಆದರೆ ಅವರ ಕೈ ಹಿಡಿದು ಯಾರೂ ತೋರಿಸಿರಲಿಲ್ಲ.

[ದೃಶ್ಯ: ಅಟ್ಟದ ಮೇಲೆ ಧೂಳು ಹಿಡಿದ ಒಂದು ಫೈಲ್.]

ಒಮ್ಮೆ ಅಪ್ಪನ ಜೊತೆ ಒಂದು ಹೈನುಗಾರಿಕೆ ತರಬೇತಿಗೆ ಹೋಗಿದ್ದೆ. ಯಾರು ನಡೆಸಿದ್ದು ಅನ್ನುವುದು ಬೇಡ. ದೊಡ್ಡ ಹಾಲ್, ಪ್ರೊಜೆಕ್ಟರ್, ಇಡೀ ದಿನ ಭಾಷಣ. ಪರದೆ ಮೇಲಿದ್ದದ್ದು ಆಳೆತ್ತರದ ಕಪ್ಪು ಬಿಳುಪು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಹಸು. ನಮ್ಮ ಕೊಟ್ಟಿಗೆಯಲ್ಲಿ ಇದ್ದದ್ದು ಒಂದು ಜರ್ಸಿ ಮಿಶ್ರ, ಎರಡು ಮಲೆನಾಡು ಗಿಡ್ಡ. ಊಟ ಮಾತ್ರ ಚೆನ್ನಾಗಿತ್ತು. ಅವತ್ತು ಕೊಟ್ಟ ಫೈಲ್ ಇದೇ.

ಅದಕ್ಕಿಂತ ದೊಡ್ಡ ತಮಾಷೆ ಏನು ಗೊತ್ತಾ? ಹಾಲ್‌ನಲ್ಲಿ ಕೂತವರು ಹೆಚ್ಚು ಕಮ್ಮಿ ಎಲ್ಲ ಗಂಡಸರು. ಹಾಲು ಕರೆಯುವವರು, ಸಗಣಿ ಬಾಚುವವರು, ಅಕ್ಕಚ್ಚು ಇಡುವವರು ಮನೆಯಲ್ಲಿದ್ದರು.

ಹಾಗಾದರೆ ಬೇರೆ ದಾರಿ ಯಾವುದು? ಭತ್ತದ ಗದ್ದೆಯಿಂದ ಬಂದ ಒಂದು ದಾರಿ ಇದೆ. 1989ರಲ್ಲಿ ಇಂಡೋನೇಷ್ಯಾದಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಲ್ಲಿ, ರೈತರ ಹೊಲಶಾಲೆಗಳು ಶುರುವಾದವು. ಜಿಗಿಹುಳುವಿಗೆ ಔಷಧಿ ಹೊಡೆದು ಹೊಡೆದು ಸಾಕಾಗಿತ್ತು. ಇಪ್ಪತ್ತೈದು ಮೂವತ್ತು ಜನ ರೈತರು ವಾರಕ್ಕೊಮ್ಮೆ ಗದ್ದೆಗೇ ಇಳಿದರು, ಹುಳು ಎಣಿಸಿದರು, ತಾವೇ ಚರ್ಚೆ ಮಾಡಿ ತೀರ್ಮಾನಕ್ಕೆ ಬಂದರು. ಆಮೇಲೆ ಕೀನ್ಯಾದಲ್ಲಿ ಇದೇ ಕ್ರಮವನ್ನು ದನಗಳಿಗೆ ಒಗ್ಗಿಸಿದರು. ಅಲ್ಲಿ ಮೇಷ್ಟ್ರು ಅಂತ ಯಾರೂ ಇಲ್ಲ. ನಡೆಸಿಕೊಡುವವರು ಒಬ್ಬರಿರುತ್ತಾರೆ. ಅವರನ್ನು ಏನಾದರೂ ಕೇಳಿದರೆ, "ನಿಮಗೇನು ಅನ್ನಿಸುತ್ತದೆ?" ಎಂದು ವಾಪಸ್ ಕೇಳುತ್ತಾರೆ. ಮೊದಮೊದಲು ಸಿಟ್ಟು ಬರುತ್ತದೆ, ನಿಜ.

[ದೃಶ್ಯ: ನಾಲ್ಕು ಬಟ್ಟಲಿನ ಪ್ಲಾಸ್ಟಿಕ್ ತಟ್ಟೆ. ಪಕ್ಕದಲ್ಲಿ ಬಟ್ಟೆ ಒಗೆಯುವ ಪುಡಿ.]

ಸರಿ, ಕೈ ಕೆಸರು ಮಾಡಿಕೊಳ್ಳೋಣ. ಇವತ್ತಿನ ಮುಖ್ಯ ವಿಷಯ ಇದೇ.

ಕೆಚ್ಚಲು ಬಾವು ಅಂದರೆ ಕೆಂಪಗೆ ಊದಿಕೊಳ್ಳಬೇಕು, ಹಾಲು ಒಡೆದಂತೆ ಬರಬೇಕು ಅಂದುಕೊಂಡಿರುತ್ತೇವೆ. ಆದರೆ ಗುಪ್ತ ಬಾವಿನಲ್ಲಿ ಇದ್ಯಾವುದೂ ಕಾಣುವುದಿಲ್ಲ. ಹಸು ಮೇಯುತ್ತದೆ, ಹಾಲು ಬೆಳ್ಳಗೇ ಇರುತ್ತದೆ. ಸುಮ್ನೆ ಅರ್ಧ ಲೀಟರ್, ಒಂದು ಲೀಟರ್ ಕಡಿಮೆಯಾಗುತ್ತಾ ಹೋಗುತ್ತದೆ. ನಾವು ಹಿಂಡಿಯನ್ನು ಬೈಯುತ್ತೇವೆ.

ಇದನ್ನು ಹಿಡಿಯಲು ಕ್ಯಾಲಿಫೋರ್ನಿಯಾ ಟೆಸ್ಟ್ ಅಂತ ಒಂದಿದೆ. ಅದರ ದ್ರಾವಣ ಸಿಗದಿದ್ದರೆ ಬಟ್ಟೆ ಸೋಪಿನ ಪುಡಿಯಲ್ಲೂ ಅಂದಾಜು ಸಿಗುತ್ತದೆ. ಅರ್ಧ ಲೀಟರ್ ನೀರಿಗೆ 15 ಗ್ರಾಂ ಪುಡಿ ಕದಡಿ. ಪ್ರತಿ ಮೊಲೆಯ ಮೊದಲ ಹಿಂಡು ಚೆಲ್ಲಿ. ನಾಲ್ಕು ಮೊಲೆಯ ಹಾಲನ್ನು ನಾಲ್ಕು ಬಟ್ಟಲಿಗೆ, ಸ್ವಲ್ಪ ಸ್ವಲ್ಪ. ಅಷ್ಟೇ ಅಳತೆಯ ಸೋಪಿನ ನೀರು ಹಾಕಿ, ತಟ್ಟೆಯನ್ನು ಮೆಲ್ಲಗೆ ಸುತ್ತಿಸಿ.

[ದೃಶ್ಯ: ಮೂರು ಬಟ್ಟಲಲ್ಲಿ ಹಾಲು ಸಲೀಸಾಗಿ ಓಡಾಡುತ್ತಿದೆ. ನಾಲ್ಕನೆಯದು ಲೋಳೆ ಲೋಳೆ.]

ಕಂಡಿತಾ? ಸೋಂಕಿರುವ ಕಡೆ ಬಿಳಿ ರಕ್ತಕಣಗಳು ಬಂದು ಗುಂಪುಗೂಡಿರುತ್ತವೆ. ಸೋಪು ಆ ಕಣಗಳ ಹೊರಪೊರೆ ಒಡೆಯುತ್ತದೆ. ಒಳಗಿನ ಡಿಎನ್‌ಎ ಹೊರಬಂದು ಹೀಗೆ ಲೋಳೆ ಕಟ್ಟುತ್ತದೆ. ಕರು ಹಾಕಿದ ಮೊದಲ ವಾರ, ಹಾಲು ಬತ್ತಿಸುವ ಸಮಯದಲ್ಲಿ ಸೋಂಕಿಲ್ಲದಿದ್ದರೂ ಲೋಳೆಯಾಗಬಹುದು, ಆಗ ಗಾಬರಿ ಬೇಡ. ಪರೀಕ್ಷೆಗೆ ತೆಗೆದ ಹಾಲನ್ನು ಬೆಕ್ಕು ನಾಯಿ ಮುಟ್ಟದ ಕಡೆ ಚೆಲ್ಲಿ.

ಲೋಳೆ ಕಂಡ ಕೂಡಲೇ ಪಕ್ಕದ ಮನೆಯವರು ಕೊಟ್ಟ ಔಷಧಿ ಟ್ಯೂಬನ್ನು ಮೊಲೆಯೊಳಗೆ ಏರಿಸಬೇಡಿ. ಒಬ್ಬರಿಂದೊಬ್ಬರು ಕಲಿಯುವುದರಲ್ಲಿ ಇರುವ ಅಪಾಯ ಇದೇ: ಒಳ್ಳೆಯದು ಎಷ್ಟು ಬೇಗ ಹಬ್ಬುತ್ತದೋ ತಪ್ಪೂ ಅಷ್ಟೇ ಬೇಗ ಹಬ್ಬುತ್ತದೆ. ಆಂಟಿಬಯೋಟಿಕ್ ಬೇಕೋ ಬೇಡವೋ, ಎಷ್ಟು ದಿನ ಅನ್ನುವುದನ್ನು ಪಶುವೈದ್ಯರೇ ಹೇಳಬೇಕು. ಔಷಧಿ ನಡೆಯುವಾಗ, ಮುಗಿದ ಮೇಲೂ ಅವರು ಹೇಳಿದಷ್ಟು ದಿನ, ಆ ಹಾಲು ಡೈರಿಗೆ ಹೋಗಬಾರದು.

ತಡೆಯುವುದಕ್ಕೆ ಮಾತ್ರ ಒಂದು ಖರ್ಚಿಲ್ಲದ ಉಪಾಯವಿದೆ. ಹಾಲು ಕರೆದ ಮೇಲೆ ಸುಮಾರು ಅರ್ಧ ಗಂಟೆ ಮೊಲೆಯ ತೂತು ಪೂರ್ತಿ ಮುಚ್ಚಿರುವುದಿಲ್ಲ. ಆಗ ಹಸು ಸೊಪ್ಪು, ಸಗಣಿಯ ಮೇಲೆ ಮಲಗಿದರೆ ಕ್ರಿಮಿ ಒಳಗೆ ಹೋಗುವುದು ಸುಲಭ. ಅದಕ್ಕೇ ಹುಲ್ಲನ್ನು ಕರೆದ ಮೇಲೆ ಹಾಕಿ. ತಿನ್ನುತ್ತಾ ನಿಂತಿರುತ್ತದೆ. ನಮ್ಮ ಕಡೆ ಇದು ಇನ್ನೂ ಮುಖ್ಯ. ತೋಟಕ್ಕೆ ಗೊಬ್ಬರ ಬೇಕು ಅಂತ ಬೆಟ್ಟದ ಸೊಪ್ಪು, ದರಗು ತಂದು ಕಾಲಡಿಗೇ ಹಾಸುತ್ತೇವೆ. ಮಳೆಗಾಲದಲ್ಲಿ ಅದು ಒಣಗುವ ಮಾತೇ ಇಲ್ಲ.

[ದೃಶ್ಯ: ಡೈರಿ ಸೊಸೈಟಿಯ ಮುಂದೆ ಕ್ಯಾನ್ ಹಿಡಿದು ನಿಂತ ಸಾಲು. ಒಬ್ಬರ ಕೈಯಲ್ಲಿ ಚೀಟಿ.]

ಸುಧಾರಿಸಿತೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? ಲೆಕ್ಕ ನಿಮ್ಮ ಜೇಬಿನಲ್ಲೇ ಇದೆ. ಡೈರಿಯ ಚೀಟಿಯಲ್ಲಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ದಿನಾ ಬರೆದಿರುತ್ತದೆ. ಅದನ್ನು ಎಸೆಯದೆ ಗೋಡೆಯ ಮೊಳೆಗೆ ಸಿಕ್ಕಿಸಿ. ಏನಾದರೂ ಬದಲಾಯಿಸಿ ನೋಡಬೇಕಾದರೆ ನೀರಿನಿಂದ ಶುರು ಮಾಡಿ. ಒಂದು ಲೀಟರ್ ಹಾಲಿಗೆ ಹಸುವಿಗೆ ಮೂರ್ನಾಲ್ಕು ಲೀಟರ್ ನೀರು ಬೇಕು. ಎರಡು ಹೊತ್ತು ಅಕ್ಕಚ್ಚು ಕೊಟ್ಟರೆ ಸಾಲದು. ಹತ್ತು ದಿನ ಹಗಲು ರಾತ್ರಿ ನೀರು ಎದುರಿಗೇ ಇಡಿ. ಮೊದಲಿನ ಹತ್ತು ಚೀಟಿ, ಆಮೇಲಿನ ಹತ್ತು ಚೀಟಿ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಹಸುವಿನ ಲೆಕ್ಕ ಮೋಸ ಮಾಡಬಹುದು. ಹವೆ ಬದಲಾಗಿರಬಹುದು, ಗಬ್ಬ ತುಂಬುತ್ತಿರಬಹುದು. ಐದಾರು ಮನೆಯವರು ಒಟ್ಟಿಗೆ ಮಾಡಿದರೆ ಆಗ ಮಾತಿಗೆ ತೂಕ ಬರುತ್ತದೆ.

ಗುಂಪಿನ ಸಮಯವೂ ಮುಖ್ಯ. ನಮ್ಮಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ. ಬೆಳಗಿನ ಹಾಲು ಹಾಕಿ, ತಿಂಡಿ ಮುಗಿಸಿ, ಹನ್ನೊಂದರ ಹೊತ್ತಿಗೆ ಸೇರಿದರೆ ಹೆಂಗಸರೂ ಬರುತ್ತಾರೆ. ಅಡಿಕೆ ಕೊಯ್ಲಿನಲ್ಲಿ ಕರೆದರೆ ಯಾರೂ ಬರುವುದಿಲ್ಲ, ಪ್ರಯತ್ನ ಮಾಡಬೇಡಿ.

ಕೆಲವು ವಿಷಯ ನೆರೆಯವರ ಬಾಯಲ್ಲಿ ಬಂದರೆ ಮಾತ್ರ ನಾಟುತ್ತದೆ. "ಕಸ (ಮಾಸು) ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದು" ಅನ್ನುವ ಮಾತು ನಮ್ಮ ಕಡೆ ಬಲವಾಗಿದೆ. ಹಾಗೆ ಕಾಯಬೇಡಿ ಅಂತ ಡಾಕ್ಟರು ಅಂದರೂ ಅಜ್ಜಿ ಒಪ್ಪುವುದಿಲ್ಲ. ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಯಬೇಕು. ಮೊದಲ ದಿನ ಅದರ ತೂಕದ ಹತ್ತರಲ್ಲಿ ಒಂದು ಪಾಲು, ಅಂದರೆ 25 ಕೆಜಿ ಕರುವಿಗೆ ಎರಡೂವರೆ ಲೀಟರ್. ರೋಗ ತಡೆಯುವ ಶಕ್ತಿ ಕರುವಿಗೆ ಬರುವುದೇ ಅದರಿಂದ. ತಡವಾದಷ್ಟೂ ಅದರ ಕರುಳು ಆ ಶಕ್ತಿಯನ್ನು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಒಂದು ಗುಂಪಿನಲ್ಲಿ ಒಬ್ಬರು ಅಕ್ಕ ಎದ್ದು, "ನಾನು ಕಸ ಬೀಳುವ ಮೊದಲೇ ಹಾಲು ಬಿಟ್ಟೆ. ಕರು ಅಲ್ಲೇ ಇದೆ, ಬಂದು ನೋಡಿ" ಅಂದರು. ಚರ್ಚೆ ಮುಗಿಯಿತು. ಗಿಣ್ಣು ತಿನ್ನುವ ಆಸೆ ಇದ್ದವರು ಕರು ಕುಡಿದು ಉಳಿದದ್ದರಲ್ಲಿ ಮಾಡಿಕೊಳ್ಳಲಿ.

ಇನ್ನು ಉಣುಗು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ಕಾಡಿಗೆ ಮೇಯಲು ಹೋದ ದನದ ಮೈಮೇಲೂ ಕೂತಿರುತ್ತದೆ. ಹಾಗಾಗಿ ಕಿವಿಯೊಳಗೆ, ತೊಡೆಸಂದಿಯಲ್ಲಿ, ಬಾಲದ ಬುಡದಲ್ಲಿ ಹುಡುಕುವುದನ್ನು ಎಲ್ಲರೂ ಸೇರಿ ಒಂದು ದಿನ ಮಾಡಿ. ಕೈಯಲ್ಲಿ ಹೊಸಕಬೇಡಿ.

[ದೃಶ್ಯ: ಮತ್ತೆ ಅದೇ ತಟ್ಟೆ. ಸುತ್ತ ನಿಂತವರು ಬಗ್ಗಿ ನೋಡುತ್ತಿದ್ದಾರೆ.]

ಕೊನೆಗೆ ಒಂದು ಮಾತು. ಮೊದಲ ಸಲ ಲೋಳೆ ಬಂದಾಗ ಆ ಮನೆಯವರ ಮುಖ ಸಣ್ಣದಾಗುತ್ತದೆ. ಹತ್ತು ಜನರ ಎದುರು ನಮ್ಮ ಹಸುವಿಗೆ ರೋಗ ಅಂತಾಯಿತಲ್ಲ ಅನ್ನುವ ನಾಚಿಕೆ. ನಮ್ಮ ಗುಂಪಿನಲ್ಲೂ ಹಾಗೇ ಆಯಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಪಕ್ಕದಲ್ಲಿದ್ದವರು ತಟ್ಟೆ ತೊಳೆದು ಕೈಗೆತ್ತಿಕೊಂಡು, "ಬನ್ನಿ, ಈಗ ನಮ್ಮನೆಯದ್ದು ನೋಡೋಣ" ಅಂತ ಗುಡ್ಡ ಇಳಿದರು.